ಬಿಸಿಲೇರುವ ಮೊದಲು ಹೇಳಬೇಕಾದ ಮಾತು

ಸುದ್ದಿ ಬಂದ ಸಂಜೆ ಮುದುಕರು ಯಾರದೋ ಬೂಟಿಗೆ ಅಟ್ಟೆ ಅಂಟಿಸುತ್ತಿದ್ದರು. ಬೂಟನ್ನು ತೊಡೆಗಳ ನಡುವೆ ಇಟ್ಟುಕೊಂಡು ಎರಡೂ ಹೆಬ್ಬೆರಳುಗಳಿಂದ ಒತ್ತಿ ಹಿಡಿದಿದ್ದರು. ಗೋಂದು ಹಿಡಿಯುವ ತನಕ ಕೈ ತೆಗೆಯುವಂತಿರಲಿಲ್ಲ. ಅಷ್ಟರಲ್ಲಿ ಗೈಡುಗಳ ಕಚೇರಿಯಲ್ಲಿ ರೇಡಿಯೊ ನೋಡಿಕೊಳ್ಳುವವನು ಬಂದು ಬಾಗಿಲ ಬಳಿ ನಿಂತ. ಟೋಪಿಯನ್ನು ಕೈಯಲ್ಲಿ ಹಿಡಿದಿದ್ದ.

"ಯಜಮಾನ್ರೇ, ನಮ್ಮ ಗುಬ್ಬಿ..." ಎಂದ.

ಗುಬ್ಬಿ ಅವರ ಒಬ್ಬಳೇ ಮಗಳು. ಚಿಕ್ಕಂದಿನಲ್ಲಿ ಒಂದು ಕಡೆ ಕೂರುತ್ತಿರಲಿಲ್ಲವೆಂದು ಅವರೇ ಇಟ್ಟ ಅಡ್ಡಹೆಸರು. ಅಪ್ಪನ ಹಾಗೆ ಹಿಮಶಿಖರಗಳಿಗೆ ಜನರನ್ನು ಹತ್ತಿಸಿ ಇಳಿಸುವ ಗೈಡಾದ ಮೇಲೂ ಊರಿನ ಬಾಯಲ್ಲಿ ಅದೇ ಉಳಿದಿತ್ತು.

"ಹೇಳಪ್ಪ. ನಿಂತು ಪ್ರಯೋಜನ ಇಲ್ಲ," ಎಂದರು ಮುದುಕರು.

ಅವನು ಹೇಳಿದ. ಗುಬ್ಬಿ ಇಬ್ಬರು ಅತಿಥಿಗಳನ್ನು ತುದಿ ಮುಟ್ಟಿಸಿ ಇಳಿಸುತ್ತಿದ್ದಳು. ಇಳಿಯುವಾಗ ಗೈಡು ಕೊನೆಯವನಾಗಿ ಬರಬೇಕು. ಕೆಳಗಿನವರು ಜಾರಿದರೆ ಹಗ್ಗ ಹಿಡಿದು ನಿಲ್ಲಿಸುವುದು ಮೇಲಿನವನ ಕೆಲಸ. ಇಬ್ಬರೂ ಸಮತಟ್ಟಿಗೆ ತಲುಪಿದ್ದಾರೆ. ಅವಳು ತನ್ನ ಹಗ್ಗ ಬಿಚ್ಚಿ ಸುತ್ತಿಕೊಳ್ಳುವಷ್ಟರಲ್ಲಿ ಕಾಲ ಕೆಳಗಿನ ಹಿಮದ ಅಂಚು ಮುರಿದು, ಆಚೆ ಬದಿಯ ಕೊರಕಲಿಗೆ ಬಿದ್ದಿದ್ದಾಳೆ.

"ಅಳಿಯಂದ್ರು ಕೆಳಗಿನ ಶಿಬಿರದಲ್ಲೇ ಇದ್ರು. ಬಿಸಿಲು ಸರಿಯೋವರೆಗೂ ಕಾದು, ಒಬ್ರೇ ಇಳಿದು ನೋಡಿ ಬಂದ್ರು. ಜೀವ ಇಲ್ಲ ಯಜಮಾನ್ರೇ."

ಮುದುಕರ ಹೆಬ್ಬೆರಳುಗಳು ಅಟ್ಟೆಯ ಮೇಲೆಯೇ ಇದ್ದವು. ಒಳಗಿನಿಂದ ಹೆಂಡತಿ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದರು. ಇಬ್ಬರ ಮುಖವನ್ನೂ ನೋಡಿದರು.

"ಬಿಡ್ರೀ ಆ ಬೂಟನ್ನ," ಎಂದರು ಆಕೆ. "ಇನ್ನೂ ಯಾರ ಕಾಲಿಗೆ ಗಟ್ಟಿ ಮಾಡ್ತಿದ್ದೀರಿ?"

ಮುದುಕರು ಬಿಟ್ಟರು. ಅಟ್ಟೆ ಒಂದು ಬದಿಗೆ ಕಿತ್ತುಕೊಂಡಿತು.

ಆ ಕಸುಬಿನಲ್ಲಿ ಒಂದು ಕಟ್ಟುಪಾಡಿತ್ತು. ಬೆಟ್ಟದಲ್ಲಿ ಸತ್ತವರನ್ನು ಕೆಳಗೆ ತರಬೇಕೇ ಬೇಡವೇ ಎಂಬುದನ್ನು ಮೇಲಿರುವ ಗೈಡುಗಳು ತೀರ್ಮಾನಿಸುವಂತಿಲ್ಲ. ಸತ್ತವರ ಮನೆಯ ಹಿರಿಯರು ಕಚೇರಿಗೆ ಬಂದು ರೇಡಿಯೊದಲ್ಲಿ ಬಾಯಿಬಿಟ್ಟು ಹೇಳಬೇಕು. ಹಿಂದೆ ಒಮ್ಮೆ ಒಂದು ಹೆಣ ತರಲು ಹೋದವರೂ ಹೆಣವಾದ ಮೇಲೆ ಹಿರಿಯ ಗೈಡುಗಳೆಲ್ಲ ಕೂತು ಮಾಡಿಕೊಂಡದ್ದು. ಕೂತವರಲ್ಲಿ ಈ ಮುದುಕರೂ ಒಬ್ಬರು. ಈಗ ಅಳಿಯ ಮೂವರು ಗೈಡುಗಳನ್ನು ಜೊತೆಗಿಟ್ಟುಕೊಂಡು, ಬೆಳಗಿನ ಮಾತಿಗಾಗಿ ಮೇಲೆ ಕಾಯುತ್ತಿದ್ದ.

ಬೆಳಗಾಗುತ್ತಲೇ ದಂಪತಿ ಕಚೇರಿಗೆ ಹೊರಟರು. ಹೆಂಡತಿ ಒಗೆದು ಮಡಿಸಿದ ಬಿಳಿ ಹೊದಿಕೆಯೊಂದನ್ನು ಎದೆಗವಚಿಕೊಂಡಿದ್ದರು.

"ಅದ್ಯಾಕೆ?" ಎಂದು ಕೇಳಿದರು ಮುದುಕರು.

"ಅವಳು ಬಂದಾಗ ಬೇಡವಾ?"

ಮುದುಕರು ಮುಂದೆ ನಡೆದರು. ಸ್ವಲ್ಪ ದೂರ ಹೋದ ಮೇಲೆ ಆಕೆಯೇ ಮತ್ತೆ ಬಾಯಿ ತೆರೆದರು. "ನಾನು ನಿಮ್ಮನ್ನ ಬೇರೇನೂ ಕೇಳಲ್ಲ. ಮುಖ ಒಂದು ಸಲ ತೊಳೀತೀನಿ. ತಲೆ ಬಾಚ್ತೀನಿ. ಆಮೇಲೆ ಮಣ್ಣಿಗಾದರೂ ಕೊಡಿ, ಬೆಂಕಿಗಾದರೂ ಕೊಡಿ."

"ನೋಡೋಣ."

"ನೋಡೋಣ ಅನ್ನಬೇಡಿ. ನೀವು ನೋಡೋಣ ಅಂದದ್ದು ಯಾವುದೂ ಈ ಮನೇಲಿ ಆಗಿಲ್ಲ."

ಅದು ನಿಜವೇ. ಮಗಳನ್ನು ಬೆಟ್ಟಕ್ಕೆ ಕರೆದೊಯ್ಯಬೇಡಿ ಎಂದು ಆಕೆ ಗೋಗರೆದಾಗಲೂ ಮುದುಕರು ನೋಡೋಣ ಎಂದಿದ್ದರು, ಮರುವಾರವೇ ಕರೆದೊಯ್ದಿದ್ದರು. ಅವರ ಪಾಲಿಗೆ ಬೆಟ್ಟ ಹತ್ತುವುದು ಪೂಜೆಯಷ್ಟೇ ಶುದ್ಧವಾದ ಕೆಲಸ. ಗಾಳಿ ತೆಳ್ಳಗಾದಂತೆ ಮನುಷ್ಯನ ಜಂಬ ಇಳಿಯುತ್ತದೆ, ಮಾತು ನಿಲ್ಲುತ್ತದೆ, ಆಮೇಲೆ ಉಳಿಯುವುದು ಉಸಿರೊಂದೇ ಎಂದು ಅತಿಥಿಗಳಿಗೆ ಹೇಳುತ್ತಿದ್ದರು. ಹೆಂಡತಿಗೆ ಅದು ರುಚಿಸುತ್ತಿರಲಿಲ್ಲ. "ನಿಮ್ಮ ದೇವರಿಗೆ ನೆಲದ ಮೇಲೆ ಕೂರೋಕೆ ಜಾಗ ಸಿಗಲಿಲ್ಲವಾ? ನನಗೆ ಒಲೆ ಮುಂದೇನೇ ಸಿಗ್ತಾನಪ್ಪ," ಎಂದು ಮೂತಿ ತಿರುವುತ್ತಿದ್ದರು. ಮೊದಲ ಸಲ ತುದಿ ಮುಟ್ಟಿದಾಗ ಗುಬ್ಬಿಯೂ ಸುತ್ತಮುತ್ತ ನೋಡಿ, "ಎಲ್ಲಪ್ಪಾ ನಿನ್ನ ದೇವರು?" ಎಂದು ಕೇಳಿದ್ದಳು. "ದಾರೀಲೇ ಇದ್ದ, ನೀನು ಬಾಯಿ ಮುಚ್ಚಲಿಲ್ಲ, ಹೋದ," ಎಂದಿದ್ದರು ಅಪ್ಪ. ಅವಳು ಹಿಮದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಆ ನಗು ನೆನಪಾಗಿ ಮುದುಕರು ನಡುದಾರಿಯಲ್ಲೇ ನಿಂತುಬಿಟ್ಟರು. ಹೆಂಡತಿ ತೋಳು ಹಿಡಿದರು, ಮುಖ ನೋಡಲಿಲ್ಲ.

ಕಚೇರಿಯೆಂದರೆ ಒಂದೇ ಕೋಣೆ. ಗೋಡೆಯ ತುಂಬ ಮೊಳೆಗೆ ನೇತುಹಾಕಿದ ಹಗ್ಗಗಳು, ಮೂಲೆಯಲ್ಲಿ ಹಿಮಗೊಡಲಿಗಳು, ಕಿಟಕಿಯ ಪಕ್ಕ ಮೇಜಿನ ಮೇಲೆ ರೇಡಿಯೊ. ರೇಡಿಯೊದವನು ಎದ್ದು ತನ್ನ ಕುರ್ಚಿಯನ್ನೇ ಕೊಟ್ಟ.

"ಆ ಕೊರಕಲಿಗೆ ಬಿಸಿಲು ಬೀಳೋಕೆ ಹೆಚ್ಚು ಹೊತ್ತಿಲ್ಲ ಯಜಮಾನ್ರೇ. ಬಿದ್ದ ಮೇಲೆ ಕಲ್ಲು ಉರುಳೋಕೆ ಶುರು. ನಿಮಗೆ ನಾನು ಹೇಳಬೇಕಾ?"

ಮುದುಕರು ಮೈಕ್ ಹಿಡಿದು ಗುಂಡಿ ಒತ್ತಿದರು. "ನಾನಪ್ಪ."

"ಮಾವ," ಎಂದಿತು ರೇಡಿಯೊ. ಅಳಿಯನ ದನಿ ಒಡೆದುಹೋಗಿತ್ತು. "ಎಲ್ಲ ತಯಾರಿದೆ. ಸ್ಟ್ರೆಚರ್ ಇದೆ, ಹಗ್ಗ ಇದೆ. ಅವಳು ಜಾರದ ಹಾಗೆ ನಿನ್ನೆನೇ ಕಟ್ಟಿ ಬಂದಿದ್ದೀನಿ. ನೀವು ಹೂಂ ಅಂದ್ರೆ ಸಾಕು."

"ನೀನು ಒಬ್ಬನೇ ಹೋಗಿಬಂದದ್ದು ಬೇರೆ. ಹೊತ್ತು ಮೇಲಕ್ಕೆ ಎಳೆಯೋದು ಬೇರೆ. ಅರ್ಧ ದಿನ ಹಿಡಿಯುತ್ತೆ."

"ಬೇಗ ಮುಗಿಸ್ತೀವಿ ಮಾವ."

"ರಾತ್ರಿ ಗುಡಾರದ ಹೊರಗೆ ತಟ್ಟೇಲಿ ನೀರು ಇಟ್ಟಿದ್ಯಾ?"

ಅದು ಮುದುಕರೇ ಕಲಿಸಿದ ಪದ್ಧತಿ. ತಟ್ಟೆಯ ನೀರು ತಳದವರೆಗೆ ಗಡ್ಡೆಕಟ್ಟಿದರೆ ಮೇಲಿನ ಕಲ್ಲುಗಳೂ ಮಂಜುಗಡ್ಡೆಯಲ್ಲಿ ಗಟ್ಟಿಯಾಗಿ ಕೂತಿವೆ ಎಂದು ಅರ್ಥ. ಇಲ್ಲದಿದ್ದರೆ ಒಂದು ಕಲ್ಲೂ ನಂಬುವಂತಿಲ್ಲ.

ಮುದುಕರು ಮತ್ತೆ ಕೇಳಿದರು. "ಹೇಳಪ್ಪ. ನೀರು ಹೇಗಿದೆ?"

"ಕೆನೆ ಕಟ್ಟಿದ ಹಾಗಿದೆ ಮಾವ. ಮೇಲೆ ಮಾತ್ರ."

ಹೆಂಡತಿ ಬೆಂಚಿನ ಮೇಲೆ ಕೂತು ಕೇಳುತ್ತಿದ್ದರು. "ಸುಳ್ಳು ಹೇಳಬಹುದಿತ್ತು ಅವನು," ಎಂದು ತಮ್ಮಷ್ಟಕ್ಕೆ ಎಂದರು.

ಮುದುಕರಿಗೂ ಹಾಗೇ ಅನ್ನಿಸಿತು. ಅವನು ಸುಳ್ಳು ಹೇಳಿದ್ದರೆ ತಾವು ನಂಬಿದವರ ಹಾಗೆ ಹೂಂ ಎಂದುಬಿಡುತ್ತಿದ್ದರೇನೋ. ಸಂಜೆಯೊಳಗೆ ಮಗಳು ಮನೆಯ ಮುಂದಿನ ಕೋಣೆಯಲ್ಲಿರುತ್ತಿದ್ದಳು. ತಣ್ಣಗಾದ ಆ ಹಣೆಯ ಮೇಲೆ ಒಮ್ಮೆ ಕೈಯಿಡಬೇಕೆಂದು ಅವರ ಅಂಗೈ ಬೇಡುತ್ತಿತ್ತು. ಹೆಂಡತಿಯ ಮಡಿಲಲ್ಲಿದ್ದ ಹೊದಿಕೆಯ ಕಡೆ ನೋಡಿದರು. ಆಮೇಲೆ ಕಣ್ಣು ಮುಚ್ಚಿ ಗುಂಡಿ ಒತ್ತಿದರು.

"ಬೇಡಪ್ಪ. ಅಲ್ಲೇ ಇರಲಿ. ನೀವು ಇಳಿದು ಬನ್ನಿ."

"ನಿಮ್ಮ ಮಗಳು ಮಾವ ಅವಳು."

"ಹೌದಪ್ಪ."

"ನೀವು ಇಲ್ಲಿದ್ದಿದ್ರೆ ಹೋಗ್ತಿರಲಿಲ್ವಾ?"

"ಹೋಗ್ತಿದ್ದೆ. ಅದಕ್ಕೇ ಈ ಮಾತನ್ನ ಮೇಲಿರೋರ ಕೈಗೆ ಕೊಟ್ಟಿಲ್ಲ."

ಆ ಕಡೆಯಿಂದ ಗಾಳಿಯ ಸದ್ದೊಂದೇ ಬಂತು. ಬಳಿಕ ಗಂಡಸೊಬ್ಬ ಅಳುವುದು ಕೇಳಿಸಿತು, ಪಕ್ಕದಲ್ಲಿ ಯಾರೋ ಸಮಾಧಾನ ಹೇಳುವುದೂ ಕೇಳಿಸಿತು. ಅಳುತ್ತಿರುವವನು ಗುಂಡಿ ಒತ್ತಿಯೇ ಹಿಡಿದಿದ್ದನೆಂದು ಮುದುಕರಿಗೆ ಗೊತ್ತಾಯಿತು.

ಹೆಂಡತಿ ಎದ್ದು ಬಂದರು. ಗಂಡನಿಗೆ ಏನು ಹೇಳುವರೋ ಎಂದು ರೇಡಿಯೊದವನು ಗೋಡೆಯ ಕಡೆ ತಿರುಗಿಕೊಂಡ. ಆಕೆ ಅವರ ಕೈಯಿಂದ ಮೈಕನ್ನು ತೆಗೆದುಕೊಂಡರು. "ಯಾವುದನ್ನ ಒತ್ತಬೇಕಪ್ಪ?" ಎಂದರು. ರೇಡಿಯೊದವನು ತೋರಿಸಿದ.

"ನಾನು ಕಣೋ, ನಿಮ್ಮತ್ತೆ. ಅವಳ ಮುಖ ಮುಚ್ಚಿದ್ದೀಯಾ?"

"ಮುಚ್ಚಿದ್ದೀನಿ ಅತ್ತೆ. ನನ್ನ ಜಾಕೆಟ್ಟಿನಿಂದ."

"ಏಟಾಗಿತ್ತಾ ಮುಖಕ್ಕೆ?"

"ಇಲ್ಲ ಅತ್ತೆ. ಮಲಗಿದ ಹಾಗಿತ್ತು."

ಈ ಸಲ ಅವನು ಸುಳ್ಳು ಹೇಳುತ್ತಿದ್ದಾನೋ ನಿಜ ಹೇಳುತ್ತಿದ್ದಾನೋ ಮುದುಕರಿಗೆ ತಿಳಿಯಲಿಲ್ಲ. ಹೆಂಡತಿ ಮಾತ್ರ ತಲೆಯಾಡಿಸಿದರು, ಅವನಿಗೆ ಅದು ಕಾಣುತ್ತದೆ ಎನ್ನುವ ಹಾಗೆ.

"ಜಾಕೆಟ್ ಕೊಟ್ಟು ನೀನು ಏನು ಹಾಕ್ಕೊಂಡಿದ್ದೀಯ? ಏನಾದರೂ ತಿಂದೆಯಾ? ಇಳಿದು ಬಾ ಮಗನೇ. ನಿನ್ನ ಮುಖವನ್ನಾದರೂ ನೋಡ್ತೀನಿ." ಮೈಕನ್ನು ಗಂಡನ ಕೈಗೆ ಇಟ್ಟು, ಮೇಜಿನ ಅಂಚು ಹಿಡಿದುಕೊಂಡು ಬಗ್ಗಿ ನಿಂತರು.

"ಮಾವ," ಎಂದ ಅಳಿಯ. "ಇಳೀತೀವಿ. ಅದಕ್ಕೆ ಮೊದಲು ಅವಳಿಗೆ ಕೇಳೋ ಹಾಗೆ ನೀವೇ ಏನಾದರೂ ಹೇಳಿ. ನಾವು ಅಂಚಿಗೆ ಬಂದು ನಿಂತಿದ್ದೀವಿ. ಟೋಪಿ ತೆಗೆದಿದ್ದೀವಿ."

ಮುದುಕರು ಕುರ್ಚಿಯಿಂದ ಎದ್ದರು. ಹೆಂಡತಿ ಪಕ್ಕಕ್ಕೆ ಬಂದು ಕೈ ಮುಗಿದರು. ಮುದುಕರು ಒಂದೇ ಕೈಯಿಂದ ಮುಗಿಯಲಾರದೆ, ಗುಂಡಿ ಒತ್ತಿದ ಕೈಯನ್ನೇ ಹಣೆಗೆ ಮುಟ್ಟಿಸಿಕೊಂಡು ಹೇಳತೊಡಗಿದರು.

"ದೇವರೇ, ಇವಳು ನೀನು ಕೊಟ್ಟ ಮಗಳು. ತನ್ನನ್ನು ನಂಬಿದವರನ್ನು ಮುಂದೆ ಕಳಿಸಿ ತಾನು ಹಿಂದೆ ಉಳಿದಳು. ನಮ್ಮ ಕೈ ಅವಳವರೆಗೆ ಚಾಚಲಾರದು, ನಿನ್ನದು ಚಾಚುತ್ತದೆ. ಅವಳಿಗೆ ಭಯವಾಗದಂತೆ ನೋಡಿಕೋ, ಚಳಿಯಾಗದಂತೆ ನೋಡಿಕೋ. ಅವಳ ತಾಯಿಗೆ ತಾಳಿಕೊಳ್ಳುವ ಶಕ್ತಿ ಕೊಡು. ಅವಳನ್ನು ಅಲ್ಲೇ ಬಿಟ್ಟು ಬಾ ಎಂದ ನನ್ನ ಬಾಯಿಯನ್ನು ಕ್ಷಮಿಸು. ಇವಳ ಆಯಾಸವೆಲ್ಲ ತೀರಲಿ ತಂದೇ. ಇವಳ ಆತ್ಮಕ್ಕೆ ಶಾಂತಿ ಕೊಡು."