ಹೇಳಿದೆ ಅಂದಿದ್ದ ಮಾತು

ಹೊನ್ನಕ್ಕ ಗಂಡನ ಹಣೆಗೆ ವಿಭೂತಿ ಹಚ್ಚುತ್ತಿರುವಾಗಲೇ ಆ ಹೆಂಗಸು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ನಲವತ್ತರ ಆಸುಪಾಸು, ಹೆಗಲಲ್ಲೊಂದು ಬ್ಯಾಗು. ಗೋಡೆಗೆ ಒರಗಿಸಿ ಕೂರಿಸಿದ್ದ ತಿಪ್ಪಯ್ಯನ ಪಾದ ಮುಟ್ಟಿ ನಮಸ್ಕರಿಸಿದಳು. ಏಳುವಾಗ ಸೆರಗಿನಿಂದ ಕಣ್ಣೊರೆಸಿಕೊಂಡಳು.

ತಿಪ್ಪಯ್ಯ ಚಿಕ್ಕಜಾಜೂರು ರೈಲ್ವೆ ಸ್ಟೇಷನ್ನಿನಲ್ಲಿ ಮೂವತ್ತೊಂದು ವರ್ಷ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದವನು. ಹಿಂದಿನ ದಿನ ಸಂಜೆ ಎದೆನೋವೆಂದು ಕುಳಿತವನು ಮತ್ತೆ ಏಳಲಿಲ್ಲ. ಅವನಿಗಾಗಿ ಅಳುವವರೆಲ್ಲ ಹೊನ್ನಕ್ಕನಿಗೆ ಗೊತ್ತಿದ್ದವರೇ. ಇವಳು ಯಾರು? ಮಗಳು ಸುಪ್ರಿಯಾಳ ಕಡೆ ನೋಡಿದಳು. ಅವಳೂ ಗೊತ್ತಿಲ್ಲವೆಂದು ತಲೆಯಾಡಿಸಿದಳು. ಮೂಲೆಯಲ್ಲಿ ಇಬ್ಬರು ಹೆಂಗಸರು ಪಿಸುಗುಟ್ಟತೊಡಗಿದರು.

ಗಂಡನ ಗೆಳೆಯ ಯತ್ತಪ್ಪನೇ ವಿಚಾರಿಸಿದ. ಹೆಸರು ಉಷಾ, ಚಿತ್ರದುರ್ಗದ ಆಸ್ಪತ್ರೆಯಲ್ಲಿ ಕೆಲಸ. ಬೆಳಿಗ್ಗೆ ಅಲ್ಲಿಗೆ ಬರಬೇಕಿದ್ದ ತಿಪ್ಪಯ್ಯ ಬರಲಿಲ್ಲವೆಂದು ಫೋನ್ ಮಾಡಿದಾಗ ಯಾರೋ ಸುದ್ದಿ ಹೇಳಿದರಂತೆ.

"ತಿಂಗಳಿಗೊಂದ್ಸಲ ನನ್ನತ್ರ ಬರೋರು," ಎಂದಳು ಉಷಾ.

ಪಿಸುಮಾತು ನಿಂತಿತು. ಹೊನ್ನಕ್ಕನ ಬೆರಳು ಗಂಡನ ಹಣೆಯ ಮೇಲೆಯೇ ಉಳಿಯಿತು.

* * *

ಮೂರು ವರ್ಷದ ಹಿಂದೆ ತಿಪ್ಪಯ್ಯನಿಗೆ ಪ್ರೊಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಎಂದು ಗೊತ್ತಾಗಿ ಆಪರೇಷನ್ ಆಗಿತ್ತು. ಮೂತ್ರದ ನಳಿಕೆ ತೆಗೆದ ಮೇಲೂ ಎರಡು ತಿಂಗಳು ಅವನ ಪಂಚೆ ಒದ್ದೆಯಾಗುತ್ತಿತ್ತು. ಹೊನ್ನಕ್ಕ ಮುಖ ಸಿಂಡರಿಸದೆ ಒಗೆದು ಹಾಕಿದಳು. ಗುಣವಾಗಿದೆ ಎಂದು ಡಾಕ್ಟರು ಹೇಳಿದ ವಾರವೇ ಅವನು ಹಾಸಿಗೆ ಸುತ್ತಿಕೊಂಡು ಪಡಸಾಲೆಗೆ ಹೋದ. ನಿದ್ದೆ ಬರುವುದಿಲ್ಲ, ನಿನಗೂ ತೊಂದರೆ ಎಂದ.

ಹೊನ್ನಕ್ಕನಿಗೆ ಅರ್ಥವಾಗಲಿಲ್ಲ. ಒಮ್ಮೆ ಅಂಗಿಯ ಗುಂಡಿ ಹಾಕಲು ಹೋದರೆ ಸರಕ್ಕನೆ ಹಿಂದೆ ಸರಿದ. ತನ್ನ ಒದ್ದೆ ಬಟ್ಟೆ ಒಗೆದವಳ ಮುಖ ನೋಡಲು ನಾಚಿಕೆಯೋ, ಅಥವಾ ತಾನೇ ಮುದುಕಿಯಾಗಿ ಬೇಡವಾದೆನೋ? ಯಾರನ್ನು ಕೇಳುವುದು? ಅವಳೂ ಅವನ ಹತ್ತಿರ ಕೂರುವುದನ್ನು ಬಿಟ್ಟಳು. ಚೆಕಪ್ಪಿಗೆ ತಾನೂ ಬರುತ್ತೇನೆಂದರೆ ಬೇಡವೆನ್ನುತ್ತಿದ್ದ.

ನಾಲ್ಕು ದಿನದ ಹಿಂದೆ ಅವಳು ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಿದ್ದಾಗ ಬಂದು ಪಕ್ಕದಲ್ಲಿ ಕುಳಿತ. ಹತ್ತು ಕಾಯಿ ಸುಲಿದ.

"ಹೊನ್ನಿ, ನಿಂಗೊಂದು ಮಾತು ಹೇಳ್ಬೇಕು," ಎಂದ.

ಅವಳು ಕಾದಳು.

"ಮಧ್ಯಾಹ್ನ ಸಾರಿಗೆ ಉಪ್ಪು ಜಾಸ್ತಿಯಾಗಿತ್ತು."

ಅವಳು ಸಿಟ್ಟಿನಿಂದ ಮೊರ ಎತ್ತಿಕೊಂಡು ಒಳಗೆ ಹೋಗಿದ್ದಳು.

* * *

ಹೊನ್ನಕ್ಕ ಉಷಾಳನ್ನು ಹಿತ್ತಲಿಗೆ ಕರೆದುಕೊಂಡು ಹೋದಳು.

"ನಿಮ್ಮತ್ರ ಯಾಕೆ ಬರ್ತಿದ್ರು?"

ಉಷಾ ಆಶ್ಚರ್ಯದಿಂದ ಅವಳ ಮುಖ ನೋಡಿದಳು. ಆಪರೇಷನ್ ಆದವರಿಗೆ ಧೈರ್ಯ ಹೇಳಿ ದಾರಿ ತೋರಿಸುವುದು ತನ್ನ ಕೆಲಸ ಎಂದಳು. ಮೊದಲ ಸಲ ಬಂದಾಗ ತಿಪ್ಪಯ್ಯ ಅರ್ಧ ಗಂಟೆ ಬಾಯಿಯೇ ಬಿಟ್ಟಿರಲಿಲ್ಲ. ಆಮೇಲೆ, ಗಂಡಸ್ತನ ಹೋಯಿತು, ಹೆಂಡತಿಯ ಪಕ್ಕ ಮಲಗಲು ಮುಖವಿಲ್ಲ ಎಂದು ಅತ್ತಿದ್ದ. ಆ ಆಪರೇಷನ್ನಿನಲ್ಲಿ ನರಗಳಿಗೆ ಪೆಟ್ಟು ಬೀಳುತ್ತದೆ, ಬಹಳ ಜನರಿಗೆ ಹೀಗಾಗುತ್ತದೆ, ಔಷಧಿಯಿದೆ, ಅದು ಹಿಡಿಯದಿದ್ದರೂ ಅಪ್ಪಿಕೊಂಡು ಮಲಗುವುದಕ್ಕೇನೂ ಅಡ್ಡಿಯಿಲ್ಲ ಎಂದು ಅವಳು ತಿಳಿಸಿ ಹೇಳಿದ್ದಳು. ಮೊದಲು ಹೆಂಡತಿಗೆ ಹೇಳಿರಿ ಎಂದು ಪ್ರತಿಸಲವೂ ಒತ್ತಾಯಿಸಿದ್ದಳು.

"ಹೋದ ತಿಂಗಳು ಬಂದು, ಹೇಳ್ಬಿಟ್ಟೆ ಮೇಡಂ ಅಂದ್ರು. ಎಷ್ಟು ಖುಷಿಯಾಗಿದ್ರು ಅಂತೀರಿ. ನೀವು ನಕ್ಕು, ಇಷ್ಟಕ್ಕೇನಾ ಮೂರು ವರ್ಷ ಹೊರಗೆ ಮಲಗಿದ್ದು, ಒಳಗೆ ಬರ್ರಿ ಅಂದ್ರಂತಲ್ಲ. ಇವತ್ತು ನಿಮ್ಮನ್ನೂ ಕರ್ಕಂಡು ಬರ್ತೀನಿ ಅಂದಿದ್ರು."

ಹೊನ್ನಕ್ಕ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತುಬಿಟ್ಟಳು. ಅಂಥ ಮಾತು ಈ ಮನೆಯಲ್ಲಿ ಯಾರೂ ಆಡಿರಲಿಲ್ಲ. ಕೇಳಿದ್ದರೆ ತಾನು ಹಾಗೆಯೇ ಅನ್ನುತ್ತಿದ್ದೆನೇ? ಇರಬಹುದು. ಅನ್ನುತ್ತಿದ್ದೆ. ಮನೆಯವಳಿಗೆ ಹೇಳದ್ದನ್ನು ಪರರಿಗೆ ಹೇಳಿದನಲ್ಲ ಎಂದು ಸಿಟ್ಟು ಬಂತು. ತಾನು ಆಡದ ಮಾತನ್ನು ತನ್ನದೇ ದನಿಯಲ್ಲಿ ಆಡಿಸಿದ್ದಾನಲ್ಲ ಎಂದು ಸಂಕಟವೂ ಆಯಿತು. ಅಳಬೇಕೋ ಬೈಯಬೇಕೋ ತಿಳಿಯಲಿಲ್ಲ.

"ಹೇಳಿದ್ರಲ್ವಾ?" ಉಷಾಳ ದನಿಯಲ್ಲಿ ಅನುಮಾನ ಸುಳಿಯಿತು.

"ಹೂಂ ಕಣವ್ವ," ಎಂದಳು ಹೊನ್ನಕ್ಕ. "ಹಂಗೇ ಅಂದಿದ್ದೆ."

ಒಳಗೆ, ಮಣ್ಣಿಗೆ ಹೊತ್ತಾಯಿತೆಂದು ಯತ್ತಪ್ಪ ಅವಸರಿಸುತ್ತಿದ್ದ. ಎದುರಿನ ಕಂಬಳಿಯ ಮೇಲೆ, ಹೆಂಗಸರ ಸಾಲಿನಲ್ಲಿ, ಹೊನ್ನಕ್ಕನಿಗೆ ಜಾಗ ಬಿಟ್ಟಿದ್ದರು. ಅವಳು ಅಲ್ಲಿ ಕೂರಲಿಲ್ಲ. ತಿಪ್ಪಯ್ಯನ ಪಕ್ಕಕ್ಕೆ ಹೋಗಿ, ತಾನೂ ಗೋಡೆಗೆ ಒರಗಿ, ಅವನ ಭುಜಕ್ಕೆ ಭುಜ ತಾಗುವಂತೆ ಕುಳಿತಳು. ಆಗಷ್ಟೇ ಸ್ಟೇಷನ್ನಿನಿಂದ ಬಂದ ನಾಲ್ವರು ದೊಡ್ಡದೊಂದು ಹೂವಿನ ಹಾರ ಹಿಡಿದು ಹೊಸಿಲು ದಾಟಿದರು. ಹಸೆಮಣೆಯ ಮೇಲಿನ ಗಂಡುಹೆಣ್ಣಿನಂತೆ ಜೊತೆಯಾಗಿ ಕುಳಿತ ಇಬ್ಬರನ್ನೂ ನೋಡಿ, ಹಾರ ಹಿಡಿದ ಕೈ ಮೇಲೆತ್ತಿದಂತೆಯೇ ನಿಂತುಬಿಟ್ಟರು.