ಖಾಲಿಯಾಗದ ಡಬ್ಬಿ

ಮೂರನೆಯ ಸಲವೂ ಕಸದ ಡಬ್ಬಿ ಖಾಲಿಯಾಗಲಿಲ್ಲ. ಪರದೆಯ ಮೂಲೆಯಲ್ಲಿ ಅದರ ಚಿತ್ರ ಹೊಟ್ಟೆ ಉಬ್ಬಿಸಿಕೊಂಡು ಹಾಗೇ ಕುಳಿತಿತ್ತು. ಶ್ರೀಲೇಖಾ ಕಂಪ್ಯೂಟರ್ ಬಂದ್ ಮಾಡಿ ಮತ್ತೆ ಚಾಲೂ ಮಾಡಿದಳು. ಗಡಿಯಾರದಲ್ಲಿ ಮೂರೂಮುಕ್ಕಾಲು. ನಾಲ್ಕಕ್ಕೆ ಅಮೃತಪ್ಪ ಬರುತ್ತಾರೆ, ಮಗ ಪರಾಗನ ಲಗ್ನಪತ್ರಿಕೆ ಮಾಡಿಸಲು.

ಡಬ್ಬಿಯಲ್ಲಿದ್ದದ್ದೂ ಪರಾಗನ ಲಗ್ನಪತ್ರಿಕೆಯೇ. ಅದರಲ್ಲಿ ಹುಡುಗಿಯ ಹೆಸರು ಶ್ರೀಲೇಖಾ. ಸಾಖರಪುಡಾ, ಅಂದರೆ ನಿಶ್ಚಿತಾರ್ಥದ ಶಾಸ್ತ್ರ ಮುಗಿದ ಮೇಲೆ ಗಂಡಿನ ಕಡೆಯವರು ಸಂಬಂಧ ಬೇಡವೆಂದು ಹೇಳಿಕಳಿಸಿ ಎರಡು ತಿಂಗಳಾಗಿತ್ತು. ದಿನಾ ಅಕ್ಕಲಕೋಟೆಯಿಂದ ಎಸ್.ಟಿ. ಬಸ್ಸು ಹಿಡಿದು ಸೋಲಾಪುರದ ಈ ಮುದ್ರಣದ ಅಂಗಡಿಗೆ ಬಂದು ಊರವರ ಪತ್ರಿಕೆಗಳನ್ನೆಲ್ಲ ಜೋಡಿಸುವವಳಿಗೆ ತನ್ನದೊಂದನ್ನು ಅಳಿಸಲು ಕೈ ಬಂದಿರಲಿಲ್ಲ. ಈಗ ಅಮೃತಪ್ಪ ಪಕ್ಕದಲ್ಲೇ ಕುಳಿತು ಪರದೆ ನೋಡುವವರು. ತಾನಿನ್ನೂ ಅದನ್ನು ಇಟ್ಟುಕೊಂಡಿದ್ದೇನೆಂದು, ಸತ್ತರೂ ಅವರಿಗೆ ಗೊತ್ತಾಗಬಾರದು.

"ಖಾಲಿನ ಆಗವಲ್ದರಿ," ಎಂದಳು.

ಮಾಲೀಕ ಕಲ್ಲಣ್ಣ ಕನ್ನಡಕ ಏರಿಸಿ ಬಗ್ಗಿದ. "ಬಂದದ್ದ ಓದ್ಲಾರದ ಒತ್ತಾಕತ್ತೀಯಲ್ಲವಾ. ಲಾಕ್ ಅಂತ ಬರದೈತಿ ನೋಡು. ಯಾರ ಮಾಡ್ಯಾರ ಲಾಕ್?"

ಅದು ಈ ಅಂಗಡಿಯ ಪದ್ಧತಿ. ಹಿರಿಯರು ಪ್ರೂಫಿಗೆ ಕುಂಕುಮ ಹಚ್ಚಿದರೆಂದರೆ ಆ ಫೈಲಿಗೆ ಕೀಲಿ. ಮುಂದೆ ಒಂದಕ್ಷರವೂ ಬದಲಾಗಕೂಡದು. ಶ್ರೀಲೇಖಾಳ ಅವ್ವ ವೇಣೂಬಾಯಿಗೆ ಕಾಗದ ಹೊರಬರುವ ತನಕ ತಡೆಯಲಾಗಿರಲಿಲ್ಲ. ಪರದೆಯ ಗಾಜಿಗೇ, ಮಗಳ ಹೆಸರಿದ್ದಲ್ಲಿ, ಕುಂಕುಮ ಒತ್ತಿದ್ದಳು. ಶ್ರೀಲೇಖಾ ನಗುತ್ತ ಕೀಲಿ ಹಾಕಿದ್ದಳು, ಆಮೇಲೆ ಮರೆತಿದ್ದಳು.

ಈಗ ಫೈಲನ್ನು ಡಬ್ಬಿಯಿಂದ ಹೊರಗೆಳೆದು, ಕೀಲಿ ತೆಗೆದು, ಮತ್ತೆ ಒಳಗೆ ಹಾಕಿ ಖಾಲಿ ಮಾಡಿದಳು. ಡಬ್ಬಿಯ ಹೊಟ್ಟೆ ಇಳಿಯಿತು. ಅಷ್ಟರಲ್ಲೇ ಮೆಟ್ಟಿಲ ಮೇಲೆ ಚಪ್ಪಲಿ ಸಪ್ಪಳವಾಯಿತು.

ಅಮೃತಪ್ಪ ಅವಳ ಮುಖ ನೋಡದೆ ಕಲ್ಲಣ್ಣನಿಗೇ ಹೇಳಿದರು: "ಹ್ವಾದ ಸಲದ್ದ ಪತ್ರಿಕಿ ಇದ್ದ ಇರ್ತೈತೆಲ್ಲಾ, ಅದನ್ನ ತಗೀರಿ. ಹುಡುಗಿ ಕಡೀದಷ್ಟ ಬದ್ಲಿ ಮಾಡ್ರಿ. ಉಳದದ್ದೆಲ್ಲಾ ಚೊಲೋ ಇತ್ತು."

ಕಲ್ಲಣ್ಣ ಶ್ರೀಲೇಖಾಳತ್ತ ತಿರುಗಿದ.

"ಅದು ಈಗಷ್ಟ ಹೋತರಿ, ಕಾಕಾ," ಎಂದಳು ಶ್ರೀಲೇಖಾ. "ಹೊಸಾದ ಮಾಡ್ತೀನಿ."

'ಚಿ. ಪರಾಗ' ಎಂದು ಒತ್ತಿದಳು. ಬೆರಳುಗಳಿಗೆ ದಾರಿ ಗೊತ್ತಿತ್ತು. ಅದರ ಕೆಳಗೆ ವಧುವಿನ ಸಾಲಿನಲ್ಲಿ 'ಚಿ. ಸೌ. ಕಾಂ.' ಎಂದು ಒತ್ತಿ ಕೈ ನಿಲ್ಲಿಸಿದಳು. ಅಲ್ಲೇ ಗಾಜಿನ ಮೇಲೆ, ಎರಡು ತಿಂಗಳಿಂದ ಅವಳು ಯಾರಿಗೂ ಒರೆಸಗೊಡದ ಕುಂಕುಮದ ಬೊಟ್ಟಿತ್ತು.

"ಹುಡುಗಿ ಹೆಸರ ಹೇಳ್ರಿ, ಕಾಕಾ," ಎನ್ನುತ್ತ ಅವಳು ಓಢಣಿಯ ತುದಿಯನ್ನು ಒದ್ದೆ ಮಾಡಿ ಗಾಜು ಒರೆಸತೊಡಗಿದಳು.