ಕಾರಣದ ಖಾನೆ

ಹಳೆಯ ಕಂಪ್ಯೂಟರುಗಳ ಹುಚ್ಚು ಹಿಡಿದ ನಲವತ್ತು ಮಂದಿ ತಮ್ಮತಮ್ಮಲ್ಲೇ ಒಂದು ಜಾಲ ಕಟ್ಟಿಕೊಂಡಿದ್ದರು. ಕಂಡವರ ಪಾಲಿಗೆ ಅದು ಗುಜರಿ, ಇವರ ಪಾಲಿಗೆ ಜೀವ. ಒಂದೊಂದು ಯಂತ್ರಕ್ಕೂ ಒಂದೊಂದು ಡೊಮೇನ್ ಹೆಸರು. ಯಾವ ಹೆಸರು ಕರೆದರೆ ಯಾವ ಯಂತ್ರದ ವಿಳಾಸಕ್ಕೆ ಹೋಗಬೇಕು ಎಂಬ ಪಟ್ಟಿ ಮಾತ್ರ ಒಂದೇ ಕಡೆ. ಅದನ್ನು ಅಣ್ಣ ನೋಡಿಕೊಳ್ಳುತ್ತಿದ್ದ. ಅವನು ತೀರಿಕೊಂಡ ಮೇಲೆ, ನಾಲ್ಕು ವರ್ಷದಿಂದ, ತಂಗಿಯ ತಲೆಗೆ ಬಿದ್ದಿತ್ತು. ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ಅವಳು ಕೂದಲೆಳೆಯಷ್ಟು ತಪ್ಪನ್ನೂ ಸಹಿಸುವವಳಲ್ಲ.

ಅಣ್ಣ ಎರಡು ನಿಯಮ ಬಿಟ್ಟುಹೋಗಿದ್ದ. ಒಂದು, ವರ್ಷಕ್ಕೊಮ್ಮೆ ಹಾಜರಿ ಕರೆಯಬೇಕು; ಹತ್ತು ಸೆಕೆಂಡಿನೊಳಗೆ ಓಗೊಡದ ಹೆಸರು ಪಟ್ಟಿಯಿಂದ ಹೊರಗೆ. ಎರಡು, ಪಟ್ಟಿಯಲ್ಲಿ ಏನೇ ಬದಲಿಸಿದರೂ ಕಾರಣದ ಖಾನೆ ತುಂಬಬೇಕು. ಖಾಲಿ ಬಿಟ್ಟರೆ ಜಪ್ಪಯ್ಯ ಎಂದರೂ ಯಂತ್ರ ಒಪ್ಪುತ್ತಿರಲಿಲ್ಲ. ಅಣ್ಣನಿದ್ದಾಗ ಒಮ್ಮೆ ಅವಳು 'ಸುಮ್ಮನೆ' ಎಂದು ಬರೆದಿದ್ದಕ್ಕೆ ಅಣ್ಣ ವಾರಗಟ್ಟಲೆ ಆಡಿಕೊಂಡಿದ್ದ.

ಅಣ್ಣನ ಯಂತ್ರದ ಹೆಸರು 'ಹಿತ್ತಲು'. ಪ್ರತಿ ವರ್ಷ ಹಾಜರಿ ಕರೆದಾಗಲೂ ಅವನು ಬರೆದಿಟ್ಟ ಉತ್ತರವೇ ಪರದೆಯ ಮೇಲೆ ಮೂಡುತ್ತಿತ್ತು: 'ಇದ್ದೀನಿ, ಹೇಳು.' ಅತ್ತಿಗೆ ಆ ಯಂತ್ರವನ್ನು ಆರಿಸದೆ ಇಟ್ಟಿದ್ದಾಳೆಂದು ಅವಳು ಒಳಗೊಳಗೇ ಹಿಗ್ಗುತ್ತಿದ್ದಳು. ಬಾಯಿಬಿಟ್ಟು ಕೇಳಿದರೆ ಎಲ್ಲಿ ನಿಂತುಹೋಗುತ್ತದೋ ಎಂದು ಕೇಳಿರಲಿಲ್ಲ.

ಈ ವರ್ಷ ಹೊಸದಾಗಿ ಸೇರಿದ ನಿವೃತ್ತ ನರ್ಸೊಬ್ಬರು ತಮಗೆ ಅದೇ ಹೆಸರು ಬೇಕೆಂದರು. ಇಲ್ಲವೆನ್ನುವ ಮೊದಲು ಕಣ್ಣಾರೆ ನೋಡಿಬರೋಣವೆಂದು ಅವಳು ಅತ್ತಿಗೆಯ ಮನೆಗೆ ಹೋದಳು. ಅಣ್ಣನ ಮೇಜಿದ್ದ ಮೂಲೆಯಲ್ಲಿ ಬಟ್ಟೆ ಒಣಗುತ್ತಿತ್ತು.

"ಅದನ್ನ ಅವರು ತೀರಿಕೊಂಡ ತಿಂಗಳೇ ಗುಜರಿಗೆ ಹಾಕಿದ್ವಲ್ಲ," ಎಂದಳು ಅತ್ತಿಗೆ. "ಒಂದು ಕಡೆ ನೀನೇ ಹಿಡ್ಕೊಂಡಿದ್ದೆ, ಇನ್ನೊಂದು ಕಡೆ ನಾನು."

ಅವಳಿಗೆ ಅದು ನೆನಪೇ ಇರಲಿಲ್ಲ. ಆ ತಿಂಗಳ ಯಾವುದೂ ನೆನಪಿರಲಿಲ್ಲ.

ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಹಿತ್ತಲನ್ನು ಕರೆದಳು. 'ಇದ್ದೀನಿ, ಹೇಳು.' ಹಾಜರಿಯನ್ನು ಹೆಸರು ಹಿಡಿದೇ ಕರೆಯುವುದು. ಹೆಸರಿನ ಮುಂದಿನ ವಿಳಾಸವನ್ನು ಅವಳು ಇಷ್ಟು ವರ್ಷ ನೋಡಿಯೇ ಇರಲಿಲ್ಲ. ಈಗ ನೋಡಿದಳು. ಅದು ಎದುರಿಗೇ ಗುಂಯ್ ಎನ್ನುತ್ತಿದ್ದ ಅವಳದೇ ಯಂತ್ರದ ವಿಳಾಸ. ಅವಳು ಕರೆಯುತ್ತಿದ್ದಳು, ಅವಳ ಯಂತ್ರವೇ ಅಣ್ಣನ ಮಾತಿನಲ್ಲಿ ಓಗೊಡುತ್ತಿತ್ತು.

ಬದಲಿಸಿದವರು ಯಾರೆಂದು ತೆಗೆದು ನೋಡಿದಳು. ಅವಳದೇ ಸಹಿ, ಅದೇ ತಿಂಗಳು. ಅಣ್ಣನ ಉತ್ತರವನ್ನೂ ಅವಳೇ ತನ್ನ ಯಂತ್ರಕ್ಕೆ ನಕಲು ಮಾಡಿಕೊಂಡಿದ್ದಳು. ಕಾರಣದ ಖಾನೆಯಲ್ಲಿ ಹೀಗಿತ್ತು: 'ಅಣ್ಣ ವಾಪಸ್ ಬರೋತನಕ.'

ಅವಳು ಗಳಗಳನೆ ಅತ್ತಳು. ಆಮೇಲೆ ಮುಖ ಒರೆಸಿಕೊಂಡು ಹಿತ್ತಲನ್ನು ಪಟ್ಟಿಯಿಂದ ತೆಗೆಯಲು ಹೊರಟಳು. ಕಾರಣ ಕೊಡು ಎಂದು ಯಂತ್ರ ಹಟ ಹಿಡಿಯಿತು. 'ನರ್ಸ್ ಕೇಳಿದ್ದಾರೆ' ಎಂದು ಬರೆದು ಅಳಿಸಿದಳು. ಅಣ್ಣನಿದ್ದಿದ್ದರೆ ಇದಕ್ಕೂ ಆಡಿಕೊಳ್ಳುತ್ತಿದ್ದ. ಕೊನೆಗೆ ಬರೆದಳು: 'ಅಣ್ಣ ಬರಲ್ಲ.'

ಯಂತ್ರ ಒಪ್ಪಿತು.

ಮತ್ತೊಮ್ಮೆ ಕರೆದಳು. ಆ ಹೆಸರಿನವರು ಯಾರೂ ಇಲ್ಲವೆಂದು ಪರದೆ ತಕ್ಷಣವೇ ಹೇಳಿತು. ಆದರೂ ಅವಳು ನಿಯಮದ ಹತ್ತು ಸೆಕೆಂಡು ಕಾದಳು.